ದಿಂಬಿನ ಗುಳಿ

ಹೇಜಲ್ ಕಪ್ಪು ಕೋಟಿನ ಕೊನೆಯ ಗುಂಡಿ ಹಾಕಿಕೊಳ್ಳುತ್ತಿದ್ದಾಗಲೂ ಲೇಥಮ್‌ನ ಕಣ್ಣು ಅಮ್ಮನ ಬೀರುವಿನ ಮೇಲೇ ಇತ್ತು. ಸಾವಿನ ಮನೆಗೆ ಬಂದವರು ಸತ್ತವರ ಫೋಟೊ ನೋಡುತ್ತಾರೆ, ಇಲ್ಲವೇ ನೆಲ ನೋಡುತ್ತಾರೆ. ಈತ ಬೀರು ನೋಡುತ್ತಿದ್ದ.

"ಅದ್ರಲ್ಲಿ ಅಮ್ಮನ ಬಟ್ಟೆ ಇದೆ," ಎಂದಳು ಹೇಜಲ್. "ತೆಗೆದು ತೋರಿಸ್ಲಾ?"

"ಛೆ ಛೆ, ಹಾಗಲ್ಲ," ಎಂದು ಅವನು ಕುಡಿಯದ ಚಹಾದ ಬಟ್ಟಲನ್ನು ಕೆಳಗಿಟ್ಟ.

ಪಿಯರ್ಸ್ ಲೇಥಮ್ ಸ್ಕೆಲ್ಬಿ ಹಾಲ್‌ನ ಮೇಲ್ವಿಚಾರಕ. ಆ ದೊಡ್ಡಮನೆಯನ್ನು ಜನರಿಗೆ ತೋರಿಸಲೆಂದು ಕಾಪಾಡುವ ಟ್ರಸ್ಟ್ ಎರಡು ವರ್ಷದ ಹಿಂದೆ ಅವನನ್ನು ಇಲ್ಲಿಗೆ ಕಳಿಸಿತ್ತು. ಕೆಟ್ಟವನಲ್ಲ, ಹಾಲಿಗೆ ನೀರು ಬೆರೆತಿದೆಯೇನೋ ಎಂದು ಬೆರಳದ್ದಿ ನೋಡುವ ಸ್ವಭಾವ, ಅಷ್ಟೆ. ಹೇಜಲ್‌ಳ ತಾಯಿ ಎನಿಡ್ ಹದಿನೈದನೆಯ ವಯಸ್ಸಿನಿಂದ ಆ ಮನೆಯಲ್ಲಿ ದುಡಿದವಳು. ಮೊದಲು ಒಡತಿ ಮಿಸ್ ಲೆಟಿಸ್‌ಳ ಆಳಾಗಿ, ಒಡತಿ ತೀರಿಕೊಂಡ ಮೇಲೆ ಟ್ರಸ್ಟಿನ ಕೈಕೆಳಗೆ. ಹೋದ ಗುರುವಾರ, ಎಂಬತ್ತಮೂರನೆಯ ವಯಸ್ಸಿನಲ್ಲಿ, ಕುದುರೆಲಾಯದ ಪಕ್ಕದ ಈ ಪುಟ್ಟ ಮನೆಯಲ್ಲಿ ಚಹಾಕ್ಕೆ ನೀರಿಟ್ಟು ಕುರ್ಚಿಯಲ್ಲಿ ಕೂತವಳು ಮತ್ತೆ ಏಳಲಿಲ್ಲ. ಕೆಟಲು ತನ್ನಷ್ಟಕ್ಕೆ ತಾನೇ ಆರಿಕೊಂಡಿತ್ತು.

"ಈವತ್ತು ಕೇಳಬಾರದು, ಗೊತ್ತು," ಎಂದ ಲೇಥಮ್. "ಆದ್ರೆ ಸೋಮವಾರ ಮನೆ ಮಲಗಿಸ್ತೀವಿ. ಅಷ್ಟರೊಳಗೆ ನಾನು ವರದಿ ಕಳಿಸ್ಬೇಕು."

ಮನೆ ಮಲಗಿಸುವುದೆಂದರೆ ಚಳಿಗಾಲಕ್ಕೆ ಬಾಗಿಲು ಮುಚ್ಚಿ ಸಾಮಾನಿಗೆಲ್ಲ ಮುಸುಕು ಹೊದಿಸುವುದು. ಮಾರ್ಚ್‌ನಲ್ಲಿ ಮತ್ತೆ ಎಬ್ಬಿಸುತ್ತಾರೆ.

"ಕೇಳಿ."

"ಮಿಸ್ ಲೆಟಿಸ್ ಹತ್ರ ಒಂದು ನೀಲಿ ರೇಷ್ಮೆ ಜಾಕೆಟ್ ಇತ್ತು. ಸಾಯೋ ವಾರದಲ್ಲಿ ತಂಗಿಗೆ ಬರೆದ ಕಾಗದ ಸಿಕ್ಕಿದೆ. 'ನೀನು ಹೊಲಿದುಕೊಟ್ಟದ್ದು ಹಾಸಿಗೆ ಪಕ್ಕದ ಕುರ್ಚಿ ಮೇಲೇ ಇರುತ್ತೆ, ಎದ್ದಾಗ ಮೊದಲು ಕೈಗೆ ಸಿಗುತ್ತೆ' ಅಂತ ಬರೆದಿದಾರೆ. ಈಗ ಆ ಕುರ್ಚಿ ಮೇಲೆ ಇರೋದು ಬೂದು ಬಣ್ಣದ ಸ್ವೆಟರ್. ಹೋದ ತಿಂಗಳು ಬಟ್ಟೆ ಪರೀಕ್ಷೆ ಮಾಡೋರು ಬಂದು ಅದರ ಕಾಲರ್ ಮಗುಚಿ ಚೀಟಿ ನೋಡಿದ್ರು. ಲೌತ್ ಊರಿನ ಸಂತೆ ಮಾಲು. ಮಿಸ್ ಲೆಟಿಸ್ ಸಂತೇಲಿ ಬಟ್ಟೆ ಕೊಳ್ಳೋ ಹೆಂಗಸಾ?"

"ಅಂದ್ರೆ ನಮ್ಮಮ್ಮ ರೇಷ್ಮೆ ಎತ್ಕೊಂಡು ಉಣ್ಣೆ ಇಟ್ಳು ಅಂತ."

"ನಾನು ಹಾಗೆ ಹೇಳ್ಲಿಲ್ಲ."

"ಹೇಳದೇ ಇರೋದಕ್ಕೇ ಇಷ್ಟು ಮಾತು ಬೇಕಾಯ್ತಾ ನಿಮಗೆ?"

ಲೇಥಮ್ ಕಿವಿಯವರೆಗೂ ಕೆಂಪಾದ. ಆದರೆ ನಿಲ್ಲಿಸಲಿಲ್ಲ. "ಇನ್ನೊಂದು ವಿಷ್ಯ. ಪ್ರತಿ ಮಾರ್ಚ್‌ನಲ್ಲಿ ನಿಮ್ಮ ತಾಯಿ ಮಿಸ್ ಲೆಟಿಸ್ ಮಲಗೋ ಕೋಣೆಗೆ ಒಬ್ಬರೇ ಹೋಗಿ ಒಳಗಿಂದ ಚಿಲಕ ಹಾಕ್ಕೊಳ್ತಿದ್ರು. ಒಂದು ಗಂಟೆ. ನಿವೃತ್ತರಾದ ಮೇಲೂ ಬಿಡ್ಲಿಲ್ಲ, ಈ ವರ್ಷಾನೂ ಕೋಲೂರಿಕೊಂಡು ಬಂದು ಹತ್ತಿದ್ರು. ಒಳಗೆ ಏನು ಮಾಡ್ತಿದ್ರು?"

"ನನಗೇನು ಗೊತ್ತು?" ಎಂದಳು ಹೇಜಲ್. ಅದು ನಿಜವಾಗಿತ್ತು. ಆದರೂ ಸುಳ್ಳು ಹೇಳಿದವಳಂತೆ ಅವಳು ಮುಖ ತಿರುಗಿಸಿಕೊಂಡಳು.

"ಆ ಕೋಣೆ ಬಾಗಿಲಲ್ಲಿ ನಿಮ್ಮ ತಾಯಿ ಹೆಸರಿನ ಹಲಗೆ ಹಾಕೋದು ಅಂತ ತೀರ್ಮಾನ ಆಗಿತ್ತು. ಈವತ್ತು ಚಹಾ ಹೊತ್ತಲ್ಲಿ ಎಲ್ಲರ ಮುಂದೆ ಹೇಳೋದಿತ್ತು. ಸದ್ಯಕ್ಕೆ... ಸ್ವಲ್ಪ ತಡೆಯೋಣ."

ಅವನು ಹೋದ ಮೇಲೆ ಹೇಜಲ್ ಬಾಗಿಲಿಗೆ ಚಿಲಕ ಹಾಕಿ ಬೀರು ತೆರೆದಳು. ಅಂಗಿಗಳ ನಡುವೆ ಕೈಯಾಡಿಸಿದಳು. ಮಡಿಸಿಟ್ಟ ಹಾಸುಬಟ್ಟೆಗಳನ್ನು ಒಂದೊಂದಾಗಿ ಎತ್ತಿ ನೋಡಿದಳು, ಬೂಟಿನ ಪೆಟ್ಟಿಗೆಯನ್ನೂ ಬಿಡಲಿಲ್ಲ. ಹೊರಗೆ ಶವದ ಗಾಡಿಯ ಟಯರು ಜಲ್ಲಿಯ ಮೇಲೆ ಕರಕರ ಎಂದಾಗ ಅವಳು ಮಂಡಿಯೂರಿ ಮಂಚದಡಿ ಇಣುಕುತ್ತಿದ್ದಳು. ಅಮ್ಮನನ್ನು ಮಣ್ಣು ಮಾಡುವ ದಿನ ಅಮ್ಮನ ಮನೆಯನ್ನೇ ಜಾಲಾಡುತ್ತಿದ್ದೇನಲ್ಲ ಎಂದು ಮುಖ ಬಿಸಿಯಾಯಿತು. ಏನೂ ಸಿಗಲಿಲ್ಲ. ಅದರಿಂದ ಸಮಾಧಾನವೂ ಆಗಲಿಲ್ಲ.

*

ಸ್ಕೆಲ್ಬಿ ಹಾಲ್‌ಗೆ ಜನ ಬರುವುದು ಅದರ ವೈಭವ ನೋಡಲಿಕ್ಕಲ್ಲ. ಮಿಸ್ ಲೆಟಿಸ್ ತನ್ನ ಕೊನೆಯ ಮೂವತ್ತು ವರ್ಷವನ್ನು, ಒಂದು ಕೋಣೆ ಸೋರಿದರೆ ಅದರ ಬಾಗಿಲು ಮುಚ್ಚಿ ಪಕ್ಕದ ಕೋಣೆಗೆ ಹೋಗುತ್ತ ಕಳೆದಿದ್ದಳು. ನಲವತ್ತು ಕೋಣೆಗಳಲ್ಲಿ ಅವಳಿಗೆ ಕೊನೆಗೆ ಉಳಿದದ್ದು ಮೂರು. ಟ್ರಸ್ಟಿನವರು ಬಂದು ನೋಡಿ, ಇದನ್ನು ದುರಸ್ತಿ ಮಾಡುವುದು ಬೇಡ, ಇನ್ನೂ ಕೆಡಲು ಬಿಡುವುದೂ ಬೇಡ, ಸಿಕ್ಕಿದ್ದು ಸಿಕ್ಕ ಹಾಗೇ ಇರಲಿ ಎಂದರು. ಮೊದಲ ದಿನ ಒಂದೊಂದು ಮೂಲೆಯ ಫೋಟೊ ತೆಗೆದರು. ಗೋಡೆಯಿಂದ ಸುಲಿದು ಜೋತುಬಿದ್ದ ಕಾಗದ ಅಷ್ಟೇ ಜೋತುಬಿದ್ದಿರಬೇಕು. ಬೀಳಬಾರದು, ಅಂಟಲೂ ಬಾರದು. ಎನಿಡ್ ಅದಕ್ಕೆ ಹಿಂದಿನಿಂದ ತೆಳುಕಾಗದದ ಆಸರೆ ಕೊಡುತ್ತಿದ್ದಳು. ಕುದುರೆಕೂದಲಿನ ಕುಂಚದಿಂದ ದೂಳನ್ನು ಎಲ್ಲಿ ತೆಗೆಯಬೇಕೋ ಅಲ್ಲಿ ತೆಗೆದು, ಎಲ್ಲಿ ಬಿಡಬೇಕೋ ಅಲ್ಲಿ ಬಿಡುತ್ತಿದ್ದಳು. "ಬೇರೆಯವರ ಮನೇಲಿ ಗುಡಿಸಿದ್ರೆ ಸಂಬಳ, ನನಗೆ ಗುಡಿಸದೇ ಇದ್ರೆ ಸಂಬಳ," ಎಂದು ನಗುತ್ತಿದ್ದಳು.

ಎಲ್ಲರೂ ನೋಡಲು ಬರುತ್ತಿದ್ದದ್ದು ಮಾತ್ರ ಮಿಸ್ ಲೆಟಿಸ್‌ಳ ಮಲಗುವ ಕೋಣೆ. ಬಾಗಿಲಿಗೆ ಅಡ್ಡ ಕಟ್ಟಿದ ಹಗ್ಗದ ಆಚೆ, ಒಡತಿ ಈಗಷ್ಟೇ ಎದ್ದುಹೋದಂತೆ ಸರಿದ ಹೊದಿಕೆ, ದಿಂಬಿನಲ್ಲಿ ತಲೆಯ ಗುಳಿ, ಎಡಗಡೆಯ ಮೇಜಿನ ಮೇಲೆ ತಳದಲ್ಲಿ ಕಂದು ಕರೆಗಟ್ಟಿದ ಚಹಾದ ಬಟ್ಟಲು, ಕುರ್ಚಿಯ ಮೇಲೆ ಸ್ವೆಟರ್. ಮೂವತ್ತೆಂಟು ವರ್ಷದಿಂದ ಜನ ಆ ಹಗ್ಗದ ಹತ್ತಿರ ಬಂದು ದನಿ ತಗ್ಗಿಸುತ್ತಿದ್ದರು.

ಹೇಜಲ್ ಆ ಕೋಣೆಗೆ ದೊಡ್ಡವಳಾದ ಮೇಲೆ ಹೋಗಿರಲಿಲ್ಲ. ಅವಳು ಅಲ್ಲಿ ಕಂಡದ್ದು ಬೇರೆಯೇ ಇತ್ತು.

ಆಗ ಅವಳಿಗೆ ಹನ್ನೊಂದು. ಮಿಸ್ ಲೆಟಿಸ್ ಸತ್ತು ನಾಲ್ಕು ದಿನವಾಗಿತ್ತು. ಶಾಲೆಯಿಂದ ಬಂದವಳು ಅಮ್ಮನನ್ನು ಹುಡುಕುತ್ತ ಹಿಂಬದಿಯ ಮೆಟ್ಟಿಲು ಹತ್ತಿದಳು. ಬಾಗಿಲು ಸ್ವಲ್ಪ ತೆರೆದಿತ್ತು. ಒಳಗೆ ಒಡತಿಯ ಮಂಚದ ಮೇಲೆ, ಒಡತಿಯ ಹೊದಿಕೆ ಹೊದ್ದು, ಅಮ್ಮ ಮಲಗಿದ್ದಳು. ಬೂಟು ನೆಲದ ಮೇಲೆ ಜೋಡಿಯಾಗಿ ಇದ್ದವು. ಕಣ್ಣು ಮುಚ್ಚಿದ್ದವು. ಆದರೆ ನಿದ್ದೆ ಮಾಡುತ್ತಿರಲಿಲ್ಲ; ತುಟಿ ನಡುಗುತ್ತಿತ್ತು.

ಹೇಜಲ್ ಉಸಿರು ಬಿಗಿಹಿಡಿದು ಮೆಟ್ಟಿಲಿಳಿದಿದ್ದಳು. ಒಡತಿ ಸತ್ತ ವಾರದೊಳಗೇ ಒಡತಿಯ ಹಾಸಿಗೆಯಲ್ಲಿ ಮೈಚಾಚುವ ಹೆಂಗಸು ಇನ್ನು ಏನೆಲ್ಲ ಮಾಡಬಲ್ಲಳು? ಅಂದಿನಿಂದ ಅಮ್ಮ ಹೊಸ ಸ್ಕಾರ್ಫ್ ಕಟ್ಟಿದರೂ ಮಗಳು ಎಲ್ಲಿಯದು ಎಂದು ಕೇಳುತ್ತಿದ್ದಳು. ಅಮ್ಮ ಹೇಳುತ್ತಿದ್ದಳು, ಸಂತೆಯದು ಕಣೇ ಎಂದು. ಮಗಳು ನಂಬುತ್ತಿರಲಿಲ್ಲ.

*

ಇಗರ್ಜಿಯಲ್ಲಿ ಪಾದ್ರಿಗಳು ಎನಿಡ್‌ಳನ್ನು "ಯಾವುದನ್ನೂ ಅಲುಗಿಸದೆ ಕಾಪಾಡಿದ ಕೈ" ಎಂದು ಹೊಗಳಿದರು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಹೇಜಲ್ ತಟ್ಟನೆ ತಿರುಗಿದಳು. ಕೆಮ್ಮಿದ್ದು ಡೋರೀನ್. ಆ ಮಲಗುವ ಕೋಣೆಯ ಹಗ್ಗದ ಪಕ್ಕ ಕೂತು ಬಂದವರಿಗೆ ಕತೆ ಹೇಳುವ ಹೆಂಗಸು.

ಹೊರಗೆ ಬರುವಾಗ ಡೋರೀನ್ ತೋಳು ಹಿಡಿದಳು. "ಲೇಥಮ್ ಬೆಳಿಗ್ಗೆ ನಿಮ್ಮನೆಗೆ ಬಂದಿದ್ನಂತಲ್ಲ?"

"ಹೂವು ಕೊಡೋಕೆ."

"ಕೈಲಿ ಹೂವೇ ಇರ್ಲಿಲ್ಲ ಅಂದ್ರು."

"ಯಾರು ಅಂದ್ರು?"

"ಅಯ್ಯೋ, ಯಾರೋ. ನೀನೂ ಸರಿ, ಮಾತು ಮಾತಿಗೂ ಹಿಡ್ಕೊಂಡ್ರೆ ಹೇಗೆ!"

ಆಮೇಲೆ ಕೈಕುಲುಕಿದ ಒಬ್ಬೊಬ್ಬರ ಕಣ್ಣಲ್ಲೂ ಹೇಜಲ್ ಅದನ್ನೇ ಹುಡುಕಿದಳು. ಇವರಿಗೆ ಗೊತ್ತೇ? ಇವರು ಅಳುತ್ತಿರುವುದು ಅಮ್ಮನಿಗೋ, ಅಳುವ ನೆಪದಲ್ಲಿ ನನ್ನ ಮುಖ ಓದುತ್ತಿದ್ದಾರೋ?

ಪೆಟ್ಟಿಗೆ ಕೆಳಗಿಳಿಯಿತು. ಒದ್ದೆ ಮಣ್ಣು ಹಿಡಿಯಲ್ಲಿ ಅಂಟಿಕೊಂಡಿತು. ಎರಡು ಸಲ ಕೊಡವಿದ ಮೇಲೆ ಬಿದ್ದಿತು. ಜನ ಚಹಾಕ್ಕೆಂದು ದೊಡ್ಡಮನೆಯ ಕಡೆಗೆ ಸಾಗಿದರು. ಹಳೆಯ ತೋಟಗಾರ ವಿಲ್ಫ್ ಮಾತ್ರ ಕೋಲಿನ ಮೇಲೆ ಭಾರ ಹಾಕಿ ನಿಂತೇ ಇದ್ದ. ಎಂಬತ್ತೆಂಟು ವರ್ಷ, ಕಿವಿ ಮಂದ, ಹಾಗಾಗಿ ಗುಟ್ಟನ್ನೂ ಕೂಗಿಯೇ ಹೇಳುತ್ತಿದ್ದ.

"ಒಳ್ಳೆ ಜಾಗ ಕೊಟ್ಟವ್ರೆ ಎನಿಡ್‌ಗೆ! ಒಡತಿ ಕಾಲ್ಬುಡದಲ್ಲೇ. ಅಲ್ಲೂ ಗಂಟೆ ಹೊಡೆದು ಕರೀತಾಳೆ ನೋಡು ಮುದುಕಿ!"

"ಕರೀಲಿ ಬಿಡು, ವಿಲ್ಫ್ ತಾತ. ಅಮ್ಮನಿಗೆ ಬೇಜಾರಾಗಲ್ಲ."

"ಒಡತೀನ ಹೊತ್ತು ತಂದ ನಾಕು ಜನದಲ್ಲಿ ಉಳಿದಿರೋನು ನಾನೊಬ್ಬನೇ. ಪೆಟ್ಟಿಗೆ ಮುಚ್ಚೋ ಮೊದ್ಲು ನೋಡ್ದೆ, ಮದುಮಗಳ ಹಾಗಿದ್ಳು. ನಿಮ್ಮಮ್ಮ ಮೈ ತೊಳ್ದು, ತಲೆ ಬಾಚಿ, ಆ ನೀಲಿ ರೇಷ್ಮೇದು ತೊಡ್ಸಿದ್ಳು. ತಂಗಿ ಹೊಲಿದದ್ದು ತೊಟ್ಕೊಂಡೇ ಹೋಗ್ಲಿ ಅಂದ್ಳು."

ಹೇಜಲ್ ಅವನ ತೋಳು ಹಿಡಿದುಕೊಂಡಳು. "ನೀಲಿ ರೇಷ್ಮೆ? ಸರಿಯಾಗಿ ನೆನಪಿದೆಯಾ?"

"ಕಿವಿ ಹೋಗಿದೆ ಕಣವ್ವ, ಕಣ್ಣು ಹೋಗಿಲ್ಲ! ಎದೆ ಮೇಲೆ ಹಕ್ಕಿ ಕಸೂತಿ ಇತ್ತು. ಯಾಕೆ, ಏನಾಯ್ತು? ಯಾರಿಗಾದ್ರೂ ಹೇಳ್ಬೇಕಾ?"

ಅವಳಿಗೆ ಮೊದಲು ಬಂದದ್ದು ನಗು. ಜಾಕೆಟ್ ಆರಡಿ ಆಚೆ, ಮಣ್ಣಿನೊಳಗೆ, ಅದರ ಒಡತಿಯ ಮೈಮೇಲೇ ಇತ್ತು. ಅಮ್ಮ ಕದ್ದಿರಲಿಲ್ಲ. ಈಗಲೇ ಹೋಗಿ ಲೇಥಮ್‌ನ ಮುಂದೆ ಈ ಮುದುಕನನ್ನು ನಿಲ್ಲಿಸಿದರೆ ಮುಗಿಯಿತು.

ಎರಡು ಹೆಜ್ಜೆ ಇಟ್ಟವಳು ಅಲ್ಲೇ ನಿಂತಳು.

ಅಮ್ಮ ಹೆಣದ ಮೈ ತೊಳೆದಿದ್ದರೆ, ಹಾಸಿಗೆಯನ್ನೂ ತೆಗೆದಿರುತ್ತಾಳೆ. ಅಜ್ಜಿ ಸತ್ತಾಗ, ಅಪ್ಪ ಸತ್ತಾಗ ಅಮ್ಮ ಮಾಡಿದ್ದು ಅದೇ. ಸತ್ತವರ ಹಾಸಿಗೆ ಹೊತ್ತು ಮುಳುಗುವುದರೊಳಗೆ ಒಗೆಯಬೇಕು, ಕಿಟಕಿ ತೆರೆಯಬೇಕು, ಕುಡಿದ ಬಟ್ಟಲು ತೊಳೆದು ಕವುಚಿಡಬೇಕು. ಅದನ್ನು ಬಿಟ್ಟು ಒಂದು ದಿನವೂ ಇರಲಾರದ ಹೆಂಗಸು ಅವಳು. ಹಾಗಾದರೆ ಮೂವತ್ತೆಂಟು ವರ್ಷದಿಂದ ಜನ ನೋಡುತ್ತಿರುವ ಆ ಹಾಸಿಗೆ ಯಾರದು?

"ಬೇಡ ತಾತ," ಎಂದಳು. "ಸದ್ಯ ಯಾರಿಗೂ ಹೇಳ್ಬೇಡ."

*

ಒಡತಿಯ ಮಂಚದ ಮೇಲೆ ಮಲಗಿದ್ದ ಆ ದಿನ ಅಮ್ಮ ಕತ್ತಲಾಗುವ ಮೊದಲೇ ಮನೆಗೆ ಬಂದಿದ್ದಳು. ಬಟಾಟೆ ಸುಲಿಯುತ್ತ ಸುಲಿಯುತ್ತ ಕೈ ನಿಲ್ಲಿಸಿದಳು.

"ನೀನು ಮೇಲೆ ಬಂದಿದ್ಯಾ, ಹೇಜಲ್?"

"ಇಲ್ಲ."

ಅಮ್ಮ ಅವಳನ್ನೇ ನೋಡಿದಳು. ಸುಳ್ಳೆಂದು ಗೊತ್ತಿತ್ತು. ಬೈಯಲಿಲ್ಲ.

"ನಾಳೆ ಲಂಡನ್ನಿನವ್ರು ಫೋಟೊ ತೆಗೆಯೋಕೆ ಬರ್ತಾರಂತೆ. ಮಧ್ಯಾಹ್ನ ಫೋನ್ ಮಾಡಿದ್ರು. ಏನೂ ಮುಟ್ಬೇಡ, ಆಕೆ ಬಿಟ್ಟುಹೋದ ಹಾಗೇ ಇರ್ಬೇಕು, ಆಗ್ಲೇ ಟ್ರಸ್ಟ್ ಈ ಮನೆ ತಗೊಳ್ಳೋದು, ಇಲ್ದಿದ್ರೆ ಕೆಡವೋರ ಕೈಗೆ ಹೋಗುತ್ತೆ ಅಂದ್ರು." ಚಾಕು ಹಿಡಿದ ಎಡಗೈಯಿಂದ ಹಣೆಯ ಕೂದಲು ಸರಿಸಿಕೊಂಡಳು. "ಮುಟ್ಬೇಡ ಅನ್ನೋದನ್ನ ಮೊದ್ಲೇ ಹೇಳ್ಬೇಕಲ್ವಾ? ಕೆಲಸದವಳಿಗೆ ಹೇಳೋದು ಯಾವಾಗ್ಲೂ ಕೊನೆಗೇ."

ಹನ್ನೊಂದು ವರ್ಷದ ಹುಡುಗಿಗೆ ಅದು ಅರ್ಥವಾಗಿರಲಿಲ್ಲ. ಅವಳು ನೋಡುತ್ತಿದ್ದದ್ದು ಬೇರೆ: ದಿನವೂ ಮೈಮೇಲಿರುತ್ತಿದ್ದ ಬೂದು ಸ್ವೆಟರ್ ಅಂದು ಅಮ್ಮನ ಮೈಮೇಲೆ ಇರಲಿಲ್ಲ.

*

ಈಗ ದೊಡ್ಡಮನೆಯ ಆಳುಗಳ ಊಟದ ಕೋಣೆಯಲ್ಲಿ ಉದ್ದನೆಯ ಮೇಜಿನ ಮೇಲೆ ಹಂದಿಮಾಂಸದ ಸ್ಯಾಂಡ್‌ವಿಚ್, ಒಣದ್ರಾಕ್ಷಿ ಬ್ರೆಡ್ಡು, ದೊಡ್ಡ ಕೆಟಲು ತುಂಬ ಚಹಾ. ಹೇಜಲ್ ತಟ್ಟೆ ಹಿಡಿದು ಗೋಡೆಗೆ ಒರಗಿದಳು. ಬಾಯಿ ಬಿಟ್ಟರೆ ಅಮ್ಮ ಸುಳ್ಳಿ, ಬಿಡದಿದ್ದರೆ ಕಳ್ಳಿ. ಹೊಗಳಿದ ಪಾದ್ರಿಗಳು, ಹಲಗೆ ಹಾಕಲಿದ್ದ ಟ್ರಸ್ಟ್, ದನಿ ತಗ್ಗಿಸಿ ನಿಂತ ಸಾವಿರಾರು ಜನ ಎಲ್ಲರೂ ಮೋಸಹೋದವರಾಗುತ್ತಾರೆ. ಜಾಕೆಟ್ಟಿನ ಅನುಮಾನವಾದರೋ ಒಂದು ಕಡತದಲ್ಲಿ ದೂಳು ಹಿಡಿದು ಕೂತೀತು. ಸುಮ್ಮನಿರುವುದೇ ಮೇಲೇನೋ.

ಪಕ್ಕದಲ್ಲಿ ಡೋರೀನ್, ದೂರದಿಂದ ಬಂದ ಎನಿಡ್‌ಳ ಸೋದರಳಿಯ ಮತ್ತವನ ಹೆಂಡತಿಗೆ ತನ್ನ ಎಂದಿನ ಪಾಠ ಒಪ್ಪಿಸುತ್ತಿದ್ದಳು.

"ಮೇಲೆ ಹೋದಾಗ ಬಟ್ಟಲು ನೋಡಿ, ಎಡಗಡೆ ಇದೆ. ಮಿಸ್ ಲೆಟಿಸ್ ಎಡಚಿ! ಪಾಪ, ಶಾಲೇಲಿ ಎಡಗೈನ ಬೆಂಚಿಗೆ ದಾರದಲ್ಲಿ ಕಟ್ಟಿಹಾಕ್ತಿದ್ರಂತೆ. ಮಣಿಕಟ್ಟಿನ ಮೇಲೆ ಕೊನೇವರೆಗೂ ಗುರುತಿತ್ತಂತೆ. ಇದನ್ನ ಹೇಳಿದ್ರೆ ಹೆಂಗಸರು ಕಣ್ಣೊರೆಸ್ಕೋತಾರೆ."

ಹೇಜಲ್‌ಳ ತಟ್ಟೆ ಓರೆಯಾಯಿತು. "ಮಿಸ್ ಲೆಟಿಸ್ ಶಾಲೆಗೇ ಹೋಗಿರ್ಲಿಲ್ಲ, ಡೋರೀನ್. ಪಾಠ ಹೇಳೋಕೆ ಮನೆಗೇ ಬರ್ತಿದ್ರು."

"ಹೌದಾ? ಆದ್ರೆ ನನಗೆ ಹೇಳಿದ್ದು ನಿಮ್ಮಮ್ಮನೇ ಕಣೇ! ಬಟ್ಟಲು ಯಾಕೆ ಎಡಗಡೆ ಅಂತ ಕೇಳ್ದೆ. ಎಡಗೈ ಅಭ್ಯಾಸ, ಶಾಲೇಲಿ ಕಟ್ಟಿಹಾಕಿದ್ರೂ ಹೋಗ್ಲಿಲ್ಲ ಅಂದ್ರು."

"ಯಾರ ಕೈ ಅಂದ್ಲು?"

ಡೋರೀನ್ ಬಾಯಿ ತೆರೆದಳು. ಯೋಚಿಸಿದಳು. "ಅದನ್ನ ಹೇಳ್ಲಿಲ್ಲ ಅನ್ಸುತ್ತೆ."

ಅಮ್ಮನ ಎಡ ಮಣಿಕಟ್ಟಿನ ಬಿಳಿ ಗೆರೆಯನ್ನು ಹೇಜಲ್ ಚಿಕ್ಕವಳಿದ್ದಾಗ ಬೆರಳಲ್ಲಿ ಸವರುತ್ತ ನಿದ್ದೆ ಹೋಗುತ್ತಿದ್ದಳು. ಅವಳು ತಟ್ಟೆಯನ್ನು ಕೆಳಗಿಟ್ಟು ನೇರ ಲೇಥಮ್‌ನ ಬಳಿಗೆ ನಡೆದಳು.

"ಮೇಲೆ ಬನ್ನಿ. ನಿಮ್ಮ ವರದಿಗೆ ಬೇಕಾದ್ದು ಕೊಡ್ತೀನಿ."

ಹಿಂಬದಿಯ ಮೆಟ್ಟಿಲು ಅವಳು ನೆನೆದದ್ದಕ್ಕಿಂತ ಕಿರಿದಾಗಿತ್ತು. ಹಗ್ಗದ ಮುಂದೆ ನಿಂತು, ಕೋಣೆಯೊಳಗೆ ನೋಡದೆ, ಗೋಡೆಗೆ ಹೇಳುವವಳಂತೆ ಅವಳು ಎಲ್ಲವನ್ನೂ ಹೇಳಿದಳು. ವಿಲ್ಫ್ ಕಂಡ ಜಾಕೆಟ್, ಒಗೆದ ಹಾಸಿಗೆ, ತಡವಾಗಿ ಬಂದ ಫೋನು, ತನ್ನ ಸ್ವೆಟರ್ ಕುರ್ಚಿಗೆ ಹಾಕಿ, ಹಾಸಿಗೆಗೆ ಮತ್ತೆ ಗುರುತು ಮೂಡಿಸಲು ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ್ದ ಅಮ್ಮ.

ಲೇಥಮ್ ಮೆಲ್ಲಗೆ, "ತಾಯಿ ಹೆಸರು ಉಳಿಸೋಕೆ ಇದು ಒಳ್ಳೆ ಕತೆ," ಎಂದ.

"ಉಳಿಸೋದಾ? ನಮ್ಮಮ್ಮ ಇಡೀ ದೇಶಕ್ಕೆ ಸುಳ್ಳು ತೋರಿಸಿದ್ಲು ಅಂತ ಹೇಳ್ತಿದೀನಿ. ಇದು ಉಳಿಸೋ ಹಾಗೆ ಕಾಣುತ್ತಾ? ಕೆಳಗೆ ವಿಲ್ಫ್ ಇದಾನೆ, ಕೇಳಿ. ಬಟ್ಟಲು ಯಾಕೆ ಎಡಗಡೆ ಅಂತ ನಿಮಗೆ ನೀವೇ ಕೇಳ್ಕೊಳ್ಳಿ."

"ಹಾಗಾದ್ರೆ ಮಾರ್ಚ್? ಚಿಲಕ ಹಾಕ್ಕೊಂಡು..."

ಅವನ ಮಾತು ಅಲ್ಲೇ ನಿಂತಿತು. ಅವನು ದಿಂಬನ್ನು ನೋಡುತ್ತಿದ್ದ. ಮೇಲ್ವಿಚಾರಕನ ನೋಟ ಅದಾಗಿರಲಿಲ್ಲ. ಇದ್ದಕ್ಕಿದ್ದಂತೆ ಎಡವಿದವನ ನೋಟ.

"ಇದು ಗರಿ ತುಂಬಿದ ದಿಂಬು," ಎಂದ. "ಪ್ರತಿ ಚಳಿಗಾಲ ತೆಗೆದು ಪೆಟ್ಟಿಗೇಲಿ ಇಡ್ತೀವಿ. ಐದು ತಿಂಗಳಲ್ಲಿ ಗರಿ ಉಬ್ಬುತ್ತೆ. ಗುಳಿ ಉಳಿಯೋಕೆ ಸಾಧ್ಯಾನೇ ಇಲ್ಲ." ಕನ್ನಡಕ ತೆಗೆದು ಕೈಯಲ್ಲಿ ಹಿಡಿದ. "ಎಲ್ಲಾದ್ರ ಮೇಲೂ ಅನುಮಾನ ಪಟ್ಟೆ. ಇದೊಂದನ್ನ ಕೇಳ್ಕೊಳ್ಳಲೇ ಇಲ್ಲ."

ಹೇಜಲ್ ಆಗ ತಿರುಗಿ ನೋಡಿದಳು. ಚಿಕ್ಕ ಗುಳಿ. ಎಡಕ್ಕೆ ವಾಲಿದ್ದು. ಈ ಮಾರ್ಚ್‌ನದು, ಕೋಲೂರಿ ಹತ್ತಿ ಬಂದು, ಬೂಟು ಬಿಚ್ಚಿ, ಎಂಬತ್ತಮೂರರ ತಲೆಯನ್ನು ಇಟ್ಟು ಒಂದು ಗಂಟೆ ಅಲುಗದೆ ಮಲಗಿದವಳದು.

"ಬರೀರಿ," ಎಂದಳು. "ಸುಳ್ಳಿ ಅಂತ ಬೇಕಾದ್ರೂ ಬರೀರಿ. ಕಳ್ಳಿ ಅಂತ ಮಾತ್ರ ಬೇಡ."

"ಬರೆದ್ರೆ ಇನ್ಮೇಲೆ ಯಾರೂ ನೋಡೋಕೆ ಬರ್ದೇ ಹೋಗಬಹುದು."

"ಇಷ್ಟು ವರ್ಷ ಬಂದವ್ರು ನೋಡಿದ್ದು ಅವಳನ್ನೇ ಅಲ್ವಾ?"

ಲೇಥಮ್ ಬಾಗಿ ಹಿತ್ತಾಳೆಯ ಕೊಂಡಿಯಿಂದ ಹಗ್ಗ ಬಿಡಿಸಿ ಪಕ್ಕಕ್ಕೆ ಹಿಡಿದ. ಸಿಬ್ಬಂದಿಯನ್ನು ಬಿಟ್ಟರೆ ಯಾರೂ ಆ ಗೆರೆ ದಾಟಿದ್ದಿಲ್ಲ. ಹೇಜಲ್ ಒಂದು ಗಳಿಗೆ ತಡೆದು, ಬೂಟು ಬಿಚ್ಚಿ ಹೊರಗಿಟ್ಟು ಒಳಗೆ ಹೋದಳು. ಅವನು ಹಗ್ಗವನ್ನು ಮತ್ತೆ ಸಿಕ್ಕಿಸಿ, ಕೋಣೆಗೆ ಬೆನ್ನು ಮಾಡಿ ನಿಂತ.

ಅಷ್ಟರಲ್ಲಿ ಮುಂಬದಿಯ ಮೆಟ್ಟಿಲಲ್ಲಿ ಹೆಜ್ಜೆಗಳ ಸದ್ದಾಯಿತು. ಡೋರೀನ್ ನೆಂಟರನ್ನು ಕರೆದುಕೊಂಡು ಬರುತ್ತಿದ್ದಳು. ಹಿಂದೆ ಏದುಸಿರು ಬಿಡುತ್ತ ವಿಲ್ಫ್. "ಇದೇ ನೋಡಿ, ಮಿಸ್ ಲೆಟಿಸ್‌ದು..." ಎಂದು ಅವಳು ಶುರುಮಾಡುವಷ್ಟರಲ್ಲಿ ಲೇಥಮ್ ಕೈಯೆತ್ತಿದ.

"ಸ್ವಲ್ಪ ನಿಲ್ಲಿ. ಮನೆಯವರು ಒಳಗಿದಾರೆ."

"ಯಾವ ಮನೆಯವ್ರು?" ಎಂದಳು ಡೋರೀನ್. "ಆ ವಂಶದಲ್ಲಿ ಯಾರೂ ಉಳಿದಿಲ್ವಲ್ಲ!"

ಅವನು ಜರುಗಲಿಲ್ಲ. ವಿಲ್ಫ್ ಅವನ ಭುಜದ ಮೇಲಿಂದ ಒಳಗೆ ನೋಡಿ, ನಿಧಾನವಾಗಿ ಟೋಪಿ ತೆಗೆದ. ಒಳಗೆ ಹೇಜಲ್ ಮಂಚದ ಪಕ್ಕ ನೆಲದ ಮೇಲೆ ಕೂತು, ಗುಳಿಯ ಅಂಚಿಗೆ ತಾಗದಷ್ಟು ಹತ್ತಿರಕ್ಕೆ, ತನ್ನ ತಲೆಯನ್ನು ತಂದಿಟ್ಟಿದ್ದಳು.